ತಮ್ಮನಿಗೆ ಸೊಕ್ಕೋ, ಆಟಿಸಂ ಲಕ್ಷಣವೋ?

ಪ್ರಶ್ನೆ: ತಮ್ಮನಿಗೆ 24 ವರ್ಷ. ಲೆಕ್ಕದಲ್ಲಿ ಚುರುಕು. ಚಿಕ್ಕಂದಿನಿಂದಲೂ ಲಗ್ನ, ಜಾತ್ರಿ ಅಂದ್ರ ಒಲ್ಲೆ ಅಂತಾನ. ಮಾತಾಡಿಸಿದ್ರ ಮಾರಿ ನೋಡಂಗಿಲ್ಲ. ಮಂದಿ ಸೊಕ್ಕು ಅಂತಾರ. ಈಗೀಗ ನಿದ್ದೆಯಿಲ್ಲ, ಮಂಕಾಗಿದ್ದಾನ. ಏನು ಮಾಡ್ಲಿ?
– ಓದುಗರು, ಸೇಡಂ (ಕಲಬುರಗಿ ಜಿಲ್ಲೆ)

ಉತ್ತರ: ಚಿಕ್ಕಂದಿನ ಸ್ವಭಾವ, ಈಗಿನ ಮಂಕು – ಎರಡನ್ನೂ ಬೇರೆ ಮಾಡಿ ನೋಡಿ. ಆಟಿಸಂ ಅಂದರೆ ಮಿದುಳಿನ ಬೆಳವಣಿಗೆಯಲ್ಲಿನ ಭಿನ್ನತೆ; ಜನರೊಡನೆ ಬೆರೆಯುವ, ಮಾತಾಡುವ ರೀತಿ ಬೇರೆಯಿರುತ್ತದೆ. ಅದರ ಲಕ್ಷಣಗಳು ಬಾಲ್ಯದಿಂದಲೇ ಇರುತ್ತವೆ. ನಿದ್ದೆಗೇಡು, ಮಂಕು ಹೊಸದು. ಅದು ಖಿನ್ನತೆಯಿರಬಹುದು, ಚಿಕಿತ್ಸೆಯೂ ಇದೆ. ಮೊದಲು ಅದನ್ನೇ ತೋರಿಸಿ.

ಸೊಕ್ಕಿನ ಮಾತು ಬಿಡಿ. 2017ರ ಅಮೆರಿಕದ ಅಧ್ಯಯನವೊಂದರಲ್ಲಿ, ಆಟಿಸಂ ಇರುವವರನ್ನು ಕೆಲವೇ ಸೆಕೆಂಡು ನೋಡಿದವರು, ಕೇಳಿದವರು ಅವರ ಸಹವಾಸಕ್ಕೆ ಹಿಂಜರಿದರು. ಅವರಾಡಿದ ಮಾತನ್ನು ಬರಹದಲ್ಲಿ ಮಾತ್ರ ಓದಿದವರಲ್ಲಿ ಆ ಹಿಂಜರಿಕೆ ಕಾಣಲಿಲ್ಲ. ಅಂದರೆ ತಕರಾರು ಮಾತಿನ ತಿರುಳಿನದಲ್ಲ, ಧಾಟಿಯದು. 'ಕಣ್ಣಲ್ಲಿ ಕಣ್ಣಿಟ್ಟು ಮಾತಾಡು' ಎಂದು ಒತ್ತಾಯಿಸಬೇಡಿ. ಸಹಜವಲ್ಲದ್ದನ್ನು ದಿನವಿಡೀ ನಟಿಸುವವರಲ್ಲಿ ದಣಿವು, ಆತಂಕ, ಖಿನ್ನತೆ ಹೆಚ್ಚು.

ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿ ಹೋಗುವಾಗ ತಾಯಿಯನ್ನೂ ಕರೆದೊಯ್ಯಿರಿ. ಮೊದಲ ಮಾತು ಯಾವಾಗ ಬಂತು, ಆಟ ಹೇಗಿತ್ತು, ಯಾವ ಸದ್ದಿಗೆ ಕಿವಿ ಮುಚ್ಚುತ್ತಿದ್ದ – ಇದನ್ನು ಹೇಳಬಲ್ಲವರು ಅವರೇ. ಎರಡು ವಾರದ ನಿದ್ದೆಯ ಸಮಯ ಬರೆದಿಡಿ. ಮೊಬೈಲಿನಲ್ಲಿ ಸಿಗುವ ಆಟಿಸಂ ಲಕ್ಷಣಗಳ 10 ಪ್ರಶ್ನೆಗಳ ಪಟ್ಟಿ ಎಕ್ಯೂ-10ರಲ್ಲಿ 6 ಅಥವಾ ಹೆಚ್ಚು ಅಂಕ ಬಂದರೆ ತಪಾಸಣೆ ಬೇಕೆಂದಷ್ಟೇ ಅರ್ಥ. ಬರೀ ಆತಂಕವಿದ್ದರೂ ಅಂಕ ಏರಬಹುದು.

ಲಗ್ನಕ್ಕೆ ಅಕ್ಷತೆ ಹೊತ್ತಿಗೆ ಅರ್ಧ ತಾಸು ಬರಲಿ, ಡಿಜೆಯಿಂದ ದೂರ ಕೂರಲಿ. ಸಾಯುವ ಮಾತಾಡಿದರೆ ಒಬ್ಬನನ್ನೇ ಬಿಡಬೇಡಿ; ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್ 14416ಕ್ಕೆ ಕರೆ ಮಾಡಿ, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.