ಪಾಂಡವಪುರದಲ್ಲಿ ಜೇನು ಸಾಕಿದ್ದೇನೆ. ನಮ್ಮ ಜೇನುತುಪ್ಪಕ್ಕೆ ಹೆಸರು, ಲೋಗೊ, ಲೇಬಲ್ ಹೇಗಿರಬೇಕು?

ತೋಟದಲ್ಲಿ 40 ಪೆಟ್ಟಿಗೆ ತುಡುವೆ (ನಮ್ಮ ನಾಡಿನದೇ ಜಾತಿ) ಜೇನು ಸಾಕಿ, ಇದುವರೆಗೆ ಪರಿಚಯದವರಿಗಷ್ಟೇ ಮಾರುತ್ತಿದ್ದ ತುಪ್ಪವನ್ನು ಇನ್ನು ಮೈಸೂರಿನ ಅಂಗಡಿಗಳಿಗೆ ಕೊಡಬೇಕೆಂದಿದ್ದೀರಿ. ಷಟ್ಕೋನದೊಳಗೆ ಹಳದಿ ಜೇನುಹುಳವಿರುವ ಲೋಗೊ ಸಾಕೇ ಎಂದು ಕೇಳಿದ್ದೀರಿ. ಮೈಸೂರಿನಲ್ಲಿ ಸಣ್ಣ ಆಹಾರ ಉದ್ಯಮಗಳಿಗೆ ಲೇಬಲ್ ವಿನ್ಯಾಸ ಮಾಡುವ ನಾನು ಅದನ್ನು ಕೈಬಿಡಿ ಎಂದೇ ಹೇಳುತ್ತೇನೆ. ಕಪಾಟಿನ ಬಹುಪಾಲು ಬಾಟಲಿಗಳ ಮೇಲೆ ಅದೇ ಷಟ್ಕೋನ, ಅದೇ ಹಳದಿ ಇರುತ್ತದೆ. ಅಂತರ್ಜಾಲದಿಂದ ಇಳಿಸಿಕೊಂಡ ಚಿತ್ರದಲ್ಲಿರುವುದಂತೂ ಸಾಮಾನ್ಯವಾಗಿ ಯುರೋಪಿನ ಮೆಲ್ಲಿಫೆರಾ ಜಾತಿಯ ಹುಳ. ಅದಕ್ಕಿಂತ ಚಿಕ್ಕದಾದ ನಿಮ್ಮ ತುಡುವೆಯಲ್ಲ.

ನಿಮ್ಮದೇ ಎನ್ನಬಹುದಾದದ್ದು ಊರು, ಹೂವು ಮತ್ತು ತಿಂಗಳು. ತೆಂಗು ವರ್ಷವಿಡೀ ಹೂ ಬಿಡುತ್ತದೆ, ಬೇಸಿಗೆಯಲ್ಲಿ ಹೊಂಗೆ ಮತ್ತು ನೇರಳೆಯ ಹೂವೂ ಸೇರುತ್ತದೆ. ಹೀಗಾಗಿ ಒಂದು ಸಲ ತೆಗೆದ ತುಪ್ಪದ ಬಣ್ಣ, ರುಚಿ ಇನ್ನೊಂದು ಸಲ ಬರುವುದಿಲ್ಲ. ದೊಡ್ಡ ಕಂಪನಿಗಳು ಹಲವು ಕಡೆಯ ತುಪ್ಪವನ್ನು ಬೆರೆಸಿ ಈ ವ್ಯತ್ಯಾಸವನ್ನು ಅಳಿಸುತ್ತವೆ, ನೀವು ಅದನ್ನೇ ಮುಂದಿಡಬಹುದು. ಹೆಸರಿನ ಅಕ್ಷರವಿನ್ಯಾಸ ಎಂದಿಗೂ ಬದಲಾಗದಿರಲಿ. ಅದರ ಕೆಳಗೆ ಒಂದು ಖಾಲಿ ಪಟ್ಟಿ ಬಿಟ್ಟು, ತುಪ್ಪ ತೆಗೆದ ತಿಂಗಳು, ತೋಟ, ಆಗ ಸುತ್ತ ಅರಳಿದ್ದ ಹೂವು, ಬ್ಯಾಚ್ ಸಂಖ್ಯೆ ಇಷ್ಟನ್ನು ಪ್ರತಿ ಸಲ ಬರೆಯಿರಿ. ಹುಳಗಳು ಒಂದೇ ಮರಕ್ಕೆ ಹೋಗುತ್ತವೆ ಎಂದು ಯಾರೂ ಖಾತರಿ ಕೊಡಲಾಗದ್ದರಿಂದ ‘ಹೊಂಗೆ ಜೇನು’ ಎನ್ನುವುದಕ್ಕಿಂತ ‘ಹೊಂಗೆ ಹೂವಿನ ಕಾಲದ ತುಪ್ಪ’ ಎಂಬುದು ಹೆಚ್ಚು ಪ್ರಾಮಾಣಿಕವಾದ ಮಾತು. ನನ್ನ ಕಿವಿಗೆ ಹೆಚ್ಚು ಚೆಂದವೂ ಹೌದು.

ಹೆಸರಿನ ವಿಷಯಕ್ಕೆ ಬಂದರೆ, ‘ಶುದ್ಧ ಜೇನು’ ಎಂಬಂಥ ಬರೀ ವರ್ಣನೆಯ ಪದಗಳಿಗೆ 1999ರ ಟ್ರೇಡ್‌ಮಾರ್ಕ್ ಕಾಯ್ದೆಯಡಿ ನೋಂದಣಿ ಸಿಗುವುದು ಕಷ್ಟ. ನಮ್ಮ ಕಡೆ ಹೊಲ ತೋಟಗಳಿಗೆ ಅವುಗಳದೇ ಹೆಸರುಗಳಿರುತ್ತವೆ. ಮೊದಲು ಅಲ್ಲಿ ಹುಡುಕಿ. ಮೈಸೂರಿನ ಗುರುತೆಂದು ಗಂಡಭೇರುಂಡವನ್ನು ಬಳಸಬೇಡಿ: ಅದು ರಾಜ್ಯ ಸರ್ಕಾರದ ಲಾಂಛನದಲ್ಲಿದೆ, ಅಂಥ ಲಾಂಛನಗಳ ವ್ಯಾಪಾರೀ ಬಳಕೆಯನ್ನು ಲಾಂಛನ ಮತ್ತು ಹೆಸರುಗಳ ದುರ್ಬಳಕೆ ತಡೆಯುವ 1950ರ ಕಾಯ್ದೆ ನಿರ್ಬಂಧಿಸುತ್ತದೆ. ಹೆಸರು ಚಿಕ್ಕದಿರಲಿ. ಉದ್ದನೆಯ ಕನ್ನಡ ಪದ ದುಂಡನೆಯ ಬಾಟಲಿಯನ್ನು ಸುತ್ತಿಕೊಂಡರೆ ಒಂದೇ ನೋಟಕ್ಕೆ ಓದಲಾಗದು, ಒತ್ತಕ್ಷರಗಳಿದ್ದು ಅವುಗಳ ಕೆಳಗೆ ಜಾಗ ಬಿಡದಿದ್ದರೆ ಅಂದಗೆಡುತ್ತದೆ. ನಿಜವಾದ ಅಳತೆಯಲ್ಲಿ ಮುದ್ರಿಸಿ, ಬಾಟಲಿಗೆ ಅಂಟಿಸಿ, ನಾಲ್ಕು ಹೆಜ್ಜೆ ದೂರದಿಂದ ನೋಡಿ.

ಬಾಟಲಿಯನ್ನು ಲೇಬಲ್‌ಗಿಂತ ಮೊದಲೇ ಆರಿಸಬೇಕು. ಜೇನುತುಪ್ಪ ನೀರಿಗಿಂತ ಸುಮಾರು 1.4 ಪಟ್ಟು ಭಾರ. 500 ಗ್ರಾಂ ತುಪ್ಪಕ್ಕೆ ಸುಮಾರು 350 ಮಿಲಿಲೀಟರ್ ಜಾಗ ಸಾಕು, ಅರ್ಧ ಲೀಟರ್ ಬಾಟಲಿ ತಂದರೆ ಅದು ಅರೆಬರೆ ತುಂಬಿದಂತೆ ಕಾಣುತ್ತದೆ. ಲೇಬಲ್ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಗಳ ಸಂಖ್ಯೆ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ವಿಳಾಸ ಮುಂತಾದವು ಇರಲೇಬೇಕು. ಈ ಕಡ್ಡಾಯ ವಿವರಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿರಬೇಕಾದ್ದರಿಂದ ಅವುಗಳಿಗೆ ಮೊದಲೇ ಸ್ಥಳ ಕಾಯ್ದಿರಿಸಿ, ಮುಂಭಾಗದ ಉಳಿದ ಜಾಗವನ್ನು ಕನ್ನಡಕ್ಕೇ ಕೊಡಿ.

ನನ್ನ ಮೊದಲ ಜೇನು ಲೇಬಲ್‌ನಲ್ಲಿ ನಾನು ಮಾಡಿದ ತಪ್ಪನ್ನೂ ಹೇಳಬೇಕು. ಬಾಟಲಿಯ ಸುತ್ತಲೂ ದಪ್ಪ ಕಾಗದ ಹಚ್ಚಿಸಿ ತುಪ್ಪವನ್ನೇ ಮರೆಮಾಡಿದ್ದೆ. ಚಳಿಗಾಲದಲ್ಲಿ ಅದು ಹರಳುಗಟ್ಟಿದಾಗ, ಸಕ್ಕರೆ ಪಾಕ ಬೆರೆಸಿದ್ದಾರೆಂದು ಗ್ರಾಹಕರು ಬಾಟಲಿಗಳನ್ನು ಹಿಂದಿರುಗಿಸಿದರು. ಏನೂ ತಪ್ಪು ಮಾಡದ, ಆ ತುಪ್ಪ ತೆಗೆದ ರೈತರು ಅನುಮಾನಕ್ಕೆ ಗುರಿಯಾದದ್ದು ಈಗಲೂ ನನ್ನನ್ನು ಕಾಡುತ್ತದೆ. ತುಪ್ಪದಲ್ಲಿನ ಗ್ಲೂಕೋಸ್ ಹರಳಾಗುವುದು ಸಹಜ. ಅಂದಿನಿಂದ ನಾನು ಗಾಜು ಕಾಣುವಂತೆ ಸಣ್ಣ ಲೇಬಲ್ ಮಾಡಿ, ‘ಚಳಿಗೆ ಹರಳುಗಟ್ಟಬಹುದು, ಬೆಚ್ಚನೆಯ ನೀರಿನಲ್ಲಿಟ್ಟರೆ ಕರಗುತ್ತದೆ’ ಎಂದು ಮುಂಭಾಗದಲ್ಲೇ ಬರೆಯುತ್ತೇನೆ. ಒಂದು ವರ್ಷ ತುಂಬದ ಮಕ್ಕಳಿಗೆ ಕೊಡಬಾರದು ಎಂಬುದನ್ನೂ ಸೇರಿಸಿ.

ನಿಮ್ಮ ತೋಟವನ್ನು ಮನೆಯವರು ಏನೆಂದು ಕರೆಯುತ್ತಾರೆ ಎಂಬುದನ್ನು ನೀವು ಬರೆದಿಲ್ಲ. ತಿಳಿಸಿದರೆ ಆ ಹೆಸರು ಸಣ್ಣ ಬಾಟಲಿಯ ಮೇಲೆ ಹೇಗೆ ಕೂರುತ್ತದೆಂದು ನೋಡಿ ಹೇಳುತ್ತೇನೆ.