ಕಾರ್ಲ್‌ಟನ್ ಚಾಪ್ಮನ್ ಯಾರು? ಆಟ ಬಿಟ್ಟ ಮೇಲೆ ಏನು ಮಾಡಿದರು?

ಬೆಂಗಳೂರಿನ ಹುಡುಗ, ಭಾರತ ಫುಟ್‌ಬಾಲ್ ತಂಡದ ನಾಯಕನೂ ಆದವರು. ಆದರೂ ನಮ್ಮೂರಲ್ಲಿ ಅವರ ಹೆಸರು ಗೊತ್ತಿರುವವರು ಕಡಿಮೆ. ಕ್ರಿಕೆಟ್ ಊರು ಅಲ್ವಾ!

ಹುಟ್ಟಿದ್ದು 1971ರಲ್ಲಿ. ಜಮ್‌ಷೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ಪಳಗಿ, 1993ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದರು. ಅದೇ ವರ್ಷ ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜವ್ರಾ ಎದುರು ಪಂದ್ಯ. ಈಸ್ಟ್ ಬೆಂಗಾಲ್ 6-2ರಿಂದ ಗೆದ್ದಿತು, ಅದರಲ್ಲಿ ಮೂರು ಗೋಲು ಚಾಪ್ಮನ್ ಅವರದ್ದು. ನೆನಪಿಡಿ, ಅವರು ಮುಂದೆ ನಿಂತು ಗೋಲು ಹೊಡೆಯುವ ಸ್ಟ್ರೈಕರ್ ಅಲ್ಲ, ಮೈದಾನದ ನಡುವೆ ಆಡುವ ಮಿಡ್‌ಫೀಲ್ಡರ್. ಚೆಂಡು ಕಸಿದು ಬೇರೆಯವರಿಗೆ ದಾಟಿಸುವುದೇ ಹೆಚ್ಚಿನ ಕೆಲಸ. ಅಂಥವರು ಹ್ಯಾಟ್ರಿಕ್ ಹೊಡೆದರೆ ಮಜಾನೇ ಬೇರೆ.

ಆಮೇಲೆ ಪಂಜಾಬಿನ ಜೆಸಿಟಿ ಕ್ಲಬ್. ಅಲ್ಲಿ ಹೆಸರಾಂತ ಸ್ಟ್ರೈಕರ್‌ಗಳಾದ ಐ.ಎಂ. ವಿಜಯನ್, ಬೈಚುಂಗ್ ಭುಟಿಯಾ ಜೊತೆ ಆಡಿ 1996-97ರ ಮೊಟ್ಟಮೊದಲ ರಾಷ್ಟ್ರೀಯ ಲೀಗ್ ಗೆದ್ದರು. ನಡುವೆ ಸ್ವಲ್ಪ ದಿನ ಎಫ್‌ಸಿ ಕೊಚ್ಚಿನ್. ಮತ್ತೆ ಈಸ್ಟ್ ಬೆಂಗಾಲ್‌ಗೆ ವಾಪಸ್. 2001ರಲ್ಲಿ ಅವರ ನಾಯಕತ್ವದಲ್ಲೇ ಆ ಕ್ಲಬ್ ರಾಷ್ಟ್ರೀಯ ಲೀಗ್ ಗೆದ್ದಿತು. ಕಪ್ ಎತ್ತಿದ ವರ್ಷವೇ ವೃತ್ತಿಪರ ಆಟಕ್ಕೆ ವಿದಾಯ.

ಕೋಚ್ ಆಗಿ ಶುರು ಮಾಡಿದ್ದು ತಾವು ಕಲಿತ ಟಾಟಾ ಅಕಾಡೆಮಿಯಲ್ಲೇ. ಮುಂದೆ ಶಿಲ್ಲಾಂಗ್‌ನ ರಾಯಲ್ ವಾಹಿಂಗ್ಡೋ, ಕೋಲ್ಕತ್ತದ ಭವಾನಿಪುರ್ ತಂಡಗಳನ್ನು ನೋಡಿಕೊಂಡರು. ಕೊನೆಗೆ ಕೋಜಿಕ್ಕೋಡಿನ ಕ್ವಾರ್ಟ್ಜ್ ಕ್ಲಬ್‌ನಲ್ಲಿದ್ದರು. ದೊಡ್ಡ ದುಡ್ಡಿನ ತಂಡಗಳಲ್ಲ ಇವು, ಹುಡುಗರನ್ನು ತಿದ್ದುವ ಕೆಲಸವೇ ಜಾಸ್ತಿ. ನನಗನಿಸುವಂತೆ ಅವರಿಗೆ ಇನ್ನೂ ದೊಡ್ಡ ಅವಕಾಶ ಸಿಗಬೇಕಿತ್ತು.

2020ರ ಅಕ್ಟೋಬರ್ 12ರಂದು ಹೃದಯಾಘಾತದಿಂದ ಬೆಂಗಳೂರಿನಲ್ಲೇ ತೀರಿಕೊಂಡರು. ಆಗ ವಯಸ್ಸು ಬರೀ 49.