ಬೇಸಿಗೆಯ ಸುಖಕ್ಕೆ ಎಷ್ಟು ಕೊಡ ನೀರು?

ಮಾನ್ಯರೇ,

ನಮಸ್ಕಾರ. ನಮ್ಮ ಬೇಸಿಗೆ ವಿಶೇಷ ಸಂಚಿಕೆಯನ್ನು ಓದಿ ತಾವು ಬರೆದ ಆರು ಪುಟಗಳ ಪತ್ರ ಕೈಸೇರಿತು. ಹೆಸರನ್ನು ಪ್ರಕಟಿಸಬಾರದೆಂದು ಕೋರಿದ್ದೀರಿ. ಆದ್ದರಿಂದ ಚಳ್ಳಕೆರೆ ತಾಲ್ಲೂಕಿನ ನಿವೃತ್ತ ಶಿಕ್ಷಕರು ಎಂದಷ್ಟೇ ಹೇಳಿ ಮುಂದುವರಿಯುತ್ತೇನೆ. ಇಡೀ ಪತ್ರವನ್ನು ಅಚ್ಚು ಹಾಕಲು ಸ್ಥಳವಿಲ್ಲ. ಅದರ ತಿರುಳನ್ನಾದರೂ ಉಳಿದ ಓದುಗರ ಮುಂದಿಡುವುದು ನ್ಯಾಯ: “ನಿಮಗೆ ಬೇಸಿಗೆಯೆಂದರೆ ಕುಂಡದ ಮಲ್ಲಿಗೆ, ಸಂಜೆಯ ಮಸಾಲೆ ದೋಸೆ, ಆಮೇಲೆ ಕಲ್ಲುಬೆಂಚಿನ ಮೇಲೆ ಮೌನಚಿಂತನೆ. ನಮಗೆ ಬೇಸಿಗೆಯೆಂದರೆ ಟ್ಯಾಂಕರು ಬರುವ ಹೊತ್ತು. ನೀರಿಲ್ಲದ ನಾಡಿನಲ್ಲಿ ತೋಟದ ಸುಖ ವರ್ಣಿಸಿ ನಲವತ್ತು ಪುಟ ತುಂಬಿಸಲು ತಮಗೆ ಸಂಕೋಚವಾಗಲಿಲ್ಲವೇ?”

ಒಂದು ಪುಟದ ಮಟ್ಟಿಗಂತೂ ಸಂಕೋಚವಾಗಬೇಕಿತ್ತು. ಹದಿನೇಳನೆಯ ಪುಟದಲ್ಲಿ ಒಬ್ಬರು ರಬ್ಬರ್ ಪೈಪು ಹಿಡಿದು ಹುಲ್ಲುಹಾಸಿಗೆ ನೀರು ಚಿಮ್ಮಿಸುತ್ತಿರುವ ಚಿತ್ರವಿದೆಯಲ್ಲ, ಅದನ್ನು ಆರಿಸಿದವನು ನಾನೇ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಸಾಲುಸಾಲಾಗಿ ಬತ್ತಿದಾಗ, ಕುಡಿಯುವ ನೀರನ್ನು ಗಿಡಗಳಿಗೆ ಹಾಕುವುದನ್ನೂ ವಾಹನ ತೊಳೆಯುವುದನ್ನೂ ಜಲಮಂಡಳಿ ನಿಷೇಧಿಸಿ, ಮೀರಿದವರಿಗೆ 5,000 ರೂಪಾಯಿ ದಂಡವೆಂದು ಆದೇಶ ಹೊರಡಿಸಿತ್ತು. ಅದೇ ಊರಿನಲ್ಲಿ ಕೂತು, ಆ ದಿನಗಳಲ್ಲಿ ಮೂರನೆಯ ಮಹಡಿಗೆ ಬಕೆಟ್ಟು ಹೊತ್ತವನು ನಾನು. ಚಿತ್ರ ಆರಿಸುವಾಗ ಅದು ನೆನಪಾಗಲಿಲ್ಲವೆಂದರೆ, ಹಸಿರು ಕಂಡೊಡನೆ ಕಣ್ಣು ಸೋತಿತೆಂದೇ ಅರ್ಥ. ತಪ್ಪನ್ನು ಒಪ್ಪಿಕೊಳ್ಳುತ್ತೇನೆ.

ಚಿತ್ರ ತಪ್ಪಾಯಿತೆಂದು ವಿಷಯವೇ ತಪ್ಪು ಎಂಬ ತಮ್ಮ ತೀರ್ಮಾನವನ್ನು ಮಾತ್ರ ಒಪ್ಪಲಾರೆ. ನಮ್ಮ ಬಯಲುಸೀಮೆಯ ಬೇಸಿಗೆಯ ಸುಖಗಳಲ್ಲಿ ಬಹುಪಾಲು ಕೊರತೆಯ ಮಕ್ಕಳೇ ಎಂಬುದು ನನ್ನ ತಿಳಿವಳಿಕೆ. ನೀರು ಸಾಲದೆ, ಬಿಸಿಲು ತಾಳದೆ, ಕೆಲವೊಮ್ಮೆ ಅಕ್ಕಿಯೇ ಸಿಗದೆ ಜನ ಕಂಡುಕೊಂಡ ಉಪಾಯಗಳಿಗೆ ರುಚಿ ಹತ್ತಿದ್ದರಿಂದ ಅವು ಸುಖಗಳಾಗಿ ಉಳಿದವು.

ಮಲ್ಲಿಗೆಯನ್ನೇ ತೆಗೆದುಕೊಳ್ಳಿ. ಬೇಸಿಗೆಯ ಹೂವೆಂದು ಅದಕ್ಕೆ ಹೆಸರಿದ್ದರೂ ಬೇಸಿಗೆಯ ಹೂವಿನ ಲೆಕ್ಕಾಚಾರ ಚಳಿಗಾಲದಲ್ಲೇ ಶುರುವಾಗುತ್ತದೆ. ಡಿಸೆಂಬರಿನ ಹೊತ್ತಿಗೆ ಗಿಡಕ್ಕೆ ನೀರು ನಿಲ್ಲಿಸಿ, ಮಣ್ಣು ಒಣಗಲು ಬಿಟ್ಟು, ಆಮೇಲೆ ರೆಂಬೆಗಳನ್ನು ಮೊಣಕಾಲೆತ್ತರಕ್ಕೆ ಸವರಿ ಎಲೆ ಉದುರಿಸಿದರೆ, ಮಾರ್ಚ್‌ನಲ್ಲಿ ಬರುವ ಹೊಸ ಚಿಗುರಿನ ತುದಿಯಲ್ಲಿ ಮೊಗ್ಗು ಕಟ್ಟುತ್ತದೆ. ಮರುಕಪಟ್ಟು ವರ್ಷವಿಡೀ ನೀರೂಡಿ, ಸವರಲು ಕೈ ಬಾರದೆ ನೆರಳಿನಲ್ಲಿಟ್ಟು ಸಾಕಿದವರ ಮನೆಯಲ್ಲಿ ಎಲೆ ಸೊಂಪಾಗಿರುತ್ತದೆ, ಹೂವಿಗೆ ಮಾತ್ರ ಪಕ್ಕದ ಮನೆಗೆ ಹೋಗಬೇಕು. ನನ್ನ ಮನೆಯಲ್ಲಿ ಮೊದಲ ಎರಡು ವರ್ಷ ಹೀಗೇ ಆಯಿತು. ಕೊನೆಗೆ ಗಾಂಧಿ ಬಜಾರಿನಲ್ಲಿ ಹೂವು ಕಟ್ಟುವ ಹಿರಿಯ ಹೆಣ್ಣುಮಗಳೊಬ್ಬರು, ಬೆರಳು ನಿಲ್ಲಿಸದೆ, “ಅದಕ್ಕೆ ಸ್ವಲ್ಪ ಬಾಯಾರಿಸಿ ಸ್ವಾಮಿ, ಬುದ್ಧಿ ಬರುತ್ತೆ” ಎಂದರು. ಬಂತು.

ಈಗ ತಾರಸಿಯ ಮೇಲೆ ನನ್ನವು ಒಂಬತ್ತು ಕುಂಡಗಳು: ನಾಲ್ಕರಲ್ಲಿ ದುಂಡುಮಲ್ಲಿಗೆ, ಎರಡರಲ್ಲಿ ದೊಡ್ಡಪತ್ರೆ, ಉಳಿದವುಗಳಲ್ಲಿ ತುಳಸಿ, ಕರಿಬೇವು ಮತ್ತು ಹಟ ಹಿಡಿದು ಬದುಕಿರುವ ಒಂದು ಬಸಳೆ ಬಳ್ಳಿ. ದಿನಕ್ಕೆ ಅಷ್ಟಕ್ಕೂ ಸೇರಿ ಹದಿನೈದು ಲೀಟರಿನ ಒಂದು ಬಕೆಟ್ಟು. ಅದರಲ್ಲಿಯೂ ಅರ್ಧಕ್ಕಿಂತ ಹೆಚ್ಚು ಅಕ್ಕಿ ತೊಳೆದ ಅಕ್ಕಚ್ಚು ಮತ್ತು ತರಕಾರಿ ತೊಳೆದ ನೀರು. ಕುಂಡದ ಮಣ್ಣಿನ ಮೇಲೆ ಎರಡು ಬೆರಳು ದಪ್ಪ ತರಗೆಲೆಯನ್ನೋ ತೆಂಗಿನ ನಾರನ್ನೋ ಹಾಸಿ, ಬಿಸಿಲು ಇಳಿದ ಮೇಲೆ ಚೊಂಬಿನಿಂದ ಬುಡಕ್ಕೆ ಎರೆದರೆ, ಬೆಳಿಗ್ಗೆ ಬೆರಳು ಚುಚ್ಚಿದಾಗ ತೇವ ಸಿಗುತ್ತದೆ. ಮಧ್ಯಾಹ್ನ ನಾಲ್ಕರ ಹೊತ್ತಿಗೆ ಹೋಗಿ ನೋಡಿದರೆ, ಆ ದಿನ ಅರಳಲಿರುವ ಮೊಗ್ಗು ಯಾವುದೆಂದು ಹೇಳಬಹುದು. ನಿನ್ನೆಯವರೆಗೆ ಹಸಿರು ಬೆರೆತಿದ್ದದ್ದು ಇಂದು ಹಾಲಿನಷ್ಟು ಬೆಳ್ಳಗಾಗಿ, ಕುತ್ತಿಗೆಯ ಬಳಿ ಒಂದಿಷ್ಟು ಉಬ್ಬಿರುತ್ತದೆ. ಅದನ್ನು ಆಗಲೇ ಬಿಡಿಸಿ ಒದ್ದೆ ಬಟ್ಟೆಯಲ್ಲಿಟ್ಟರೆ ದೀಪ ಹಚ್ಚುವ ವೇಳೆಗೆ ಅಡುಗೆಮನೆಯವರೆಗೂ ಪರಿಮಳ ಬರುತ್ತದೆ. ಉಡುಪಿಯ ಶಂಕರಪುರದವರೂ, ಮೈಸೂರು ಮತ್ತು ಹೂವಿನ ಹಡಗಲಿಯವರೂ ತಮ್ಮ ತಮ್ಮ ಮಲ್ಲಿಗೆಗೆ ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿದ್ದಾರೆ. ನನ್ನ ನಾಲ್ಕು ಕುಂಡಕ್ಕೆ ಯಾವ ಮಾನ್ಯತೆಯೂ ಇಲ್ಲ. ಚೈತ್ರದ ಹುಣ್ಣಿಮೆಗೆ ಬೆಂಗಳೂರು ಕರಗ ಬಂದು ಮಾರುಕಟ್ಟೆಯಲ್ಲಿ ಮಲ್ಲಿಗೆಯ ಬೆಲೆ ಏರಿದಾಗ ಮಾತ್ರ ಮನೆಯಲ್ಲಿ ಅವುಗಳ ಮರ್ಯಾದೆ ಹೆಚ್ಚುತ್ತದೆ.

ತಮ್ಮ ತಾಲ್ಲೂಕು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಜಾಗಗಳಲ್ಲೊಂದೆಂಬುದನ್ನು ಬಲ್ಲೆ. ಒಂದು ಬಕೆಟ್ಟೂ ಅಲ್ಲಿ ಹೆಚ್ಚೆನಿಸಬಹುದು. ಅಂಥ ಊರುಗಳಿಗೆ ಮಡಕೆ ನೀರಾವರಿಯಿದೆ. ಹೊಳಪು ಬಳಿಯದ ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಗಿಡದ ಪಕ್ಕದಲ್ಲಿ ಹೂತು, ನೀರು ತುಂಬಿ, ಬಾಯಿ ಮುಚ್ಚಿಡುವುದು. ಸುತ್ತಲಿನ ಮಣ್ಣು ಒಣಗಿದಂತೆಲ್ಲ ಮಡಕೆಯ ಸೂಕ್ಷ್ಮ ರಂಧ್ರಗಳಿಂದ ನೀರನ್ನು ಎಳೆದುಕೊಳ್ಳುತ್ತದೆ. ತೇವ ಸಾಕಾದಾಗ ಜಿನುಗುವುದು ತಾನಾಗಿ ತಗ್ಗುತ್ತದೆ. ಆ ಸಂಚಿಕೆಯಲ್ಲಿ ಹುಲ್ಲುಹಾಸಿನ ಬದಲು ಈ ಮಡಕೆಯ ಚಿತ್ರ ಇರಬೇಕಿತ್ತು.

ಇನ್ನು ಹೋಟೆಲಿನ ವಿಚಾರ. “ಮನೆಯಲ್ಲಿ ಊಟವಿರುವಾಗ ಹೊರಗೆ ತಿನ್ನುವುದು ಚಪಲ” ಎಂದು ಬರೆದು ಆ ವಾಕ್ಯದ ಕೆಳಗೆ ಎರಡು ಗೆರೆ ಎಳೆದಿದ್ದೀರಿ. ಮನೆಯಲ್ಲಿ ಊಟ ತಾನಾಗಿ ಇರುವುದಿಲ್ಲ, ಸ್ವಾಮಿ. ಬೆಂಗಳೂರಿನ ಉಷ್ಣಾಂಶ 39.2 ಡಿಗ್ರಿ ಮುಟ್ಟಿ ದಾಖಲೆಯಾದ 2016ರ ಏಪ್ರಿಲ್‌ನ ಒಂದು ಸಂಜೆ, ನನ್ನ ಶ್ರೀಮತಿ ಅಡುಗೆಮನೆಯ ಬಾಗಿಲಲ್ಲಿ ನಿಂತು, ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ, “ಇವತ್ತು ನಾನು ಒಲೆ ಹಚ್ಚುವುದಿಲ್ಲ. ನೀವು ಬೇಕಾದರೆ ಹಚ್ಚಿ” ಎಂದಳು. ಮೂವತ್ತು ವರ್ಷ ಆ ಶಾಖದ ಮುಂದೆ ನಿಂತವಳ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಇಬ್ಬರೂ ನಡೆದುಕೊಂಡು ವಿದ್ಯಾರ್ಥಿ ಭವನಕ್ಕೆ ಹೋದೆವು. 1943ರಿಂದ ಗಾಂಧಿ ಬಜಾರಿನಲ್ಲಿರುವ ಆ ಹೋಟೆಲಿನಲ್ಲಿ ಬೇಸಿಗೆಯಲ್ಲೂ ಜಾಗಕ್ಕಾಗಿ ಕಾಯಬೇಕು. ಕಾಯುವುದೂ ಆ ದೋಸೆಯ ಬೆಲೆಯಲ್ಲಿ ಸೇರಿದೆ. ಮಾಣಿ ಒಂದೇ ತೋಳಿನ ಮೇಲೆ ಮುಂಗೈಯಿಂದ ಭುಜದವರೆಗೆ ದೋಸೆಯ ತಟ್ಟೆಗಳನ್ನು ಒಂದರ ಮೇಲೊಂದು ಏರಿಸಿಕೊಂಡು ಬಂದು, ಇಸ್ಪೀಟೆಲೆ ಹಂಚುವಂತೆ ಮೇಜಿಗೊಂದೊಂದು ಇಳಿಸಿ ಹೋದ. ಸಾಂಬಾರಿಲ್ಲ, ಬರೀ ಚಟ್ನಿ. ಶ್ರೀಮತಿ ದೋಸೆ ಮುಗಿಸಿ, ಒಂದು ಕಾಫಿಯನ್ನು ಬಹಳ ನಿಧಾನವಾಗಿ, ಯಾರೋ ಬಡಿಸಿದ್ದನ್ನು ಕೂತು ಕುಡಿಯುವವರ ನಿಧಾನದಲ್ಲಿ ಕುಡಿದಳು. ಆ ಸಂಜೆಯನ್ನು ಚಪಲವೆನ್ನಲು ನನಗೆ ಧೈರ್ಯವಿಲ್ಲ. ತಮಗಿದ್ದರೆ ಮೊದಲು ತಮ್ಮ ಮನೆಯವರ ಎದುರು ಒಮ್ಮೆ ಹೇಳಿ ನೋಡಬೇಕೆಂದು ವಿನಂತಿ.

ಕೊರತೆಯ ಮಾತನ್ನು ಇಲ್ಲಿಯೂ ಬಿಡಲಾರೆ. 1942ರಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋದ ಮೇಲೆ ದಕ್ಷಿಣದ ಹೋಟೆಲುಗಳಿಗೆ ಇಡ್ಲಿಯ ಅಕ್ಕಿಗೇ ತತ್ವಾರವಾಯಿತು. 1924ರಲ್ಲಿ ಆರಂಭವಾದ ಎಂ.ಟಿ.ಆರ್. ಹೋಟೆಲಿನವರು ಹೇಳಿಕೊಂಡು ಬಂದಿರುವಂತೆ, ಆ ಯುದ್ಧಕಾಲದಲ್ಲಿ ಅಕ್ಕಿಗೆ ಬದಲು ರವೆಯಿಂದ ಇಡ್ಲಿ ಮಾಡಿ ನೋಡಿದ್ದರಿಂದ ರವೆ ಇಡ್ಲಿ ಹುಟ್ಟಿತು. ಯುದ್ಧ ಮುಗಿದು, ಅಕ್ಕಿ ಮರಳಿ ಬಂದು ಎಷ್ಟೋ ದಶಕಗಳಾದವು. ರವೆ ಇಡ್ಲಿಯನ್ನು ಬಿಟ್ಟುಕೊಡಲು ಯಾರೂ ಸಿದ್ಧರಿಲ್ಲ.

ಮೂರನೆಯ ಆಕ್ಷೇಪ, “ಮೌನಚಿಂತನೆ ಕೆಲಸವಿಲ್ಲದವರ ಸೊತ್ತು” ಎಂಬುದು. ಆ ಲೇಖನಕ್ಕೆ ಅಷ್ಟು ಭಾರವಾದ ಶೀರ್ಷಿಕೆ ಕೊಟ್ಟದ್ದು ಸರಿಯಾಗಲಿಲ್ಲ. ‘ಸುಮ್ಮನೆ ಕೂರುವುದು’ ಎಂದಿದ್ದರೆ ತಮಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ. ಆದರೆ ಕೆಲಸ ಮಾಡುವವರೇ ಸುಮ್ಮನೆ ಕೂರುವ ಕಾಲ ಬೇಸಿಗೆ. ಸುಗ್ಗಿ ಮುಗಿದು ಮುಂಗಾರು ಇನ್ನೂ ಬಾರದ ಈ ನಡುವಿನ ಬಿಡುವಿನಲ್ಲೇ ಬಯಲುಸೀಮೆಯ ಜಾತ್ರೆ, ಮದುವೆ, ಬಯಲಾಟಗಳೆಲ್ಲ ನಡೆಯುವುದು. ತಮ್ಮದೇ ತಾಲ್ಲೂಕಿನ ನಾಯಕನಹಟ್ಟಿಯಲ್ಲಿ ಫಾಲ್ಗುಣದಲ್ಲಿ ತಿಪ್ಪೇರುದ್ರಸ್ವಾಮಿಯವರ ತೇರು ಎಳೆಯುತ್ತಾರೆ. ಆ ಸ್ವಾಮಿಯವರು ಕೆರೆಗಳನ್ನು ಕಟ್ಟಿಸಿದರೆಂದೂ ‘ಮಾಡಿದಷ್ಟು ನೀಡು ಭಿಕ್ಷೆ’ ಎಂದರೆಂದೂ ಜನ ಇಂದಿಗೂ ನೆನೆಯುತ್ತಾರೆ. ತೇರಿನ ಬಿಸಿಲಿಗೆ ಬಳಲಿ ಬೇವಿನ ಮರದಡಿ ಟವೆಲು ಹಾಸಿ ಕೂತ ರೈತನನ್ನು ಕೆಲಸವಿಲ್ಲದವನೆಂದು ಯಾರು ಕರೆದಾರು? ಬೆಂಗಳೂರಿನಲ್ಲಿ ಇದಕ್ಕೆ ಸಮನಾದದ್ದೆಂದರೆ ರಾಮನವಮಿ. ಚಾಮರಾಜಪೇಟೆಯಲ್ಲಿ 1939ರಿಂದ ನಡೆದುಬಂದಿರುವ ರಾಮನವಮಿ ಸಂಗೀತೋತ್ಸವದಲ್ಲಿ ಒಳಗೆ ಟಿಕೆಟು ಕೊಂಡು ಕೂತವರಿರುವಂತೆ, ಹೊರಗೆ ರಸ್ತೆಬದಿಯಲ್ಲಿ ನಿಂತು ಕೇಳಿದವರೂ ಇದ್ದಾರೆ. ವಿದ್ಯಾರ್ಥಿಯಾಗಿದ್ದಾಗ ನಾನು ಎರಡನೆಯ ಗುಂಪಿನವನು. ಬೆಲ್ಲದ ಪಾನಕ, ಹೆಸರುಬೇಳೆಯ ಕೋಸಂಬರಿ, ನೀರುಮಜ್ಜಿಗೆ, ಹೀಗೆ ಆ ಹಬ್ಬದ ತಿನಿಸುಗಳು ಒಲೆಯ ಹಂಗಿಲ್ಲದವು ಎಂಬುದು ನನ್ನ ಶ್ರೀಮತಿ ಗಮನಿಸಿ ಹೇಳಿದ ಸಂಗತಿ.

ಏಪ್ರಿಲ್ ಕೊನೆಯಲ್ಲಿ, ಅಶ್ವಿನಿ ಕಳೆದು ಭರಣಿ ಹುಟ್ಟುವ ದಿನಗಳಲ್ಲಿ, ಕುಂಡಗಳಿಗೆ ಎರೆದು ಮುಗಿಸಿ ಚೊಂಬನ್ನು ಪಕ್ಕದಲ್ಲಿಟ್ಟುಕೊಂಡು ತಾರಸಿಯಲ್ಲಿ ಕೂರುತ್ತೇನೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ನಮ್ಮ ತಂದೆ ಹೇಳುತ್ತಿದ್ದರು, ಮೂಡಣದ ಮೋಡ ನೋಡುತ್ತ. ನನಗೆ ಉಳಲು ಹೊಲವಿಲ್ಲ, ಆದರೂ ಆ ದಿಕ್ಕನ್ನೇ ನೋಡುತ್ತೇನೆ. ಅಲ್ಲಿ ಯಾವ ಘನವಾದ ಯೋಚನೆಯೂ ಬರುವುದಿಲ್ಲ. ತೊಟ್ಟಿಯಲ್ಲಿ ಎಷ್ಟು ನೀರಿದೆ, ಮಗಳು ಫೋನು ಮಾಡಿದಳೇ, ಸಂಪಾದಕೀಯ ಯಾವಾಗ ಮುಗಿದೀತು, ಇಷ್ಟೇ.

ಕೊನೆಗೆ, ತಮ್ಮ ಪತ್ರದ ವಿಷಯದಲ್ಲಿ ನನ್ನದೂ ಒಂದು ದೂರಿದೆ. ಆರು ಪುಟ ನಮ್ಮನ್ನು ಬೈದು, ಸಹಿಯ ಕೆಳಗೆ ಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿ ಹೀಗೆ ಬರೆದಿದ್ದೀರಿ: “ವಿ.ಸೂ.: ಬಸ್ ನಿಲ್ದಾಣದ ಹುಣಸೆ ಮರದಡಿ ಹನ್ನೊಂದು ವರ್ಷದಿಂದ ಅರವಟ್ಟಿಗೆ ಇಡುತ್ತಿದ್ದೇನೆ. ಲಾವಂಚದ ಬೇರು ಹಾಕಿದ ನೀರು. ಮಧ್ಯಾಹ್ನ ಕುಡಿಯುವವರನ್ನು ನೋಡುತ್ತ ಕೂರುವುದೇ ನನಗೆ ಸಾಕು.” ನಮ್ಮ ಹಳೆಯ ಶಾಸನಗಳಲ್ಲಿ ದಾನಗಳ ಪಟ್ಟಿಯಲ್ಲಿ ಬರುವ ಅರವಂಟಿಗೆಯನ್ನು ಈಗಲೂ ಇಡುವ ತಾವು, ನಾವು ನಲವತ್ತು ಪುಟಗಳಲ್ಲಿ ಹೇಳಲು ತಡಕಾಡಿದ್ದನ್ನು ಮೂರು ವಾಕ್ಯದಲ್ಲಿ ಹೇಳಿ ವಿ.ಸೂ. ಮಾಡಿಬಿಟ್ಟಿದ್ದೀರಿ.

ಜೂನ್ ಸಂಚಿಕೆಗೆ ಎರಡು ಪುಟ ಕಾದಿರಿಸಿದ್ದೇನೆ. ದಿನಕ್ಕೆ ಎಷ್ಟು ಕೊಡ ಬೇಕಾಗುತ್ತದೆ, ಟ್ಯಾಂಕರು ಬಾರದ ದಿನ ಏನು ಮಾಡುತ್ತೀರಿ, ಮಡಕೆಯ ಕೆಳಗೆ ಮರಳು ಹಾಸುತ್ತೀರೋ ಇಲ್ಲವೋ, ಲಾವಂಚದ ಬೇರನ್ನು ಎಷ್ಟು ದಿನಕ್ಕೊಮ್ಮೆ ಬದಲಿಸುತ್ತೀರಿ, ಇದನ್ನೆಲ್ಲ ಬರೆದು ಮೇ 20ರೊಳಗೆ ಕಳುಹಿಸಿಕೊಡಬೇಕು. ಹೆಸರು ಹಾಕುವುದಿಲ್ಲ. ಹುಣಸೆ ಮರದ ಒಂದು ಚಿತ್ರವನ್ನು ತಾವೇ ಯಾರಿಂದಲಾದರೂ ತೆಗೆಸಿ ಜೊತೆಗಿಡಿ. ಚಿತ್ರ ಆರಿಸುವ ಕೆಲಸವನ್ನು ಈ ಸಲ ನನಗೆ ಬಿಡಬೇಡಿ.

ತಮ್ಮ ವಿಶ್ವಾಸಿ,
ಸಂಪಾದಕ